ಸೋಮಿ ಹಾಲು ಇಳಿಸಲಿಲ್ಲ

ಹೆಮ್ಮರಗಾಲ
12 ಜೂನ್ 2023

ಚಿ. ನಯನಳಿಗೆ ನಿನ್ನ ಅತ್ತೆ ಸಿದ್ದಲಿಂಗಮ್ಮನ ಆಶೀರ್ವಾದ.

ಇಲ್ಲಿ ನಾನಿದ್ದೇನೆ, ಹಸು ಇದೆ. ಕ್ಷೇಮ ಅನ್ನುವುದನ್ನು ಅದರಲ್ಲೇ ಎಲ್ಲಾದರೂ ಹುಡುಕಿಕೊ.

ಕೈಯಲ್ಲಿ ಫೋನಿದ್ದೂ ಈ ಹೆಂಗಸಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಿಮ್ಮಪ್ಪ ನಗಬಹುದು. ನಗಲಿ ಬಿಡು. ಹೋದ ತಿಂಗಳು ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ನೀನು "ಅತ್ತೆ" ಅಂದೆ, ನಾನು "ಸಿಗ್ನಲ್ ಇಲ್ಲ ಕಣವ್ವ" ಎಂದು ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಮಹಿಳಾ ಡೈರಿಯ ಸೆಕ್ರೆಟರಿಯಾಗಿ ಇಷ್ಟು ವರ್ಷ ವರದಿ ಬರೆದು ಬರೆದು ನನಗೆ ಬಾಯಿಗಿಂತ ಪೆನ್ನೇ ಮಾತು ಕೇಳುತ್ತದೆ.

ವಿಷಯ ಇಷ್ಟು. ಸೋಮಿ ಹಾಲು ಇಳಿಸುತ್ತಿಲ್ಲ. ನೀನು ಊರಿಗೆ ಹೋದ ಮಾರನೆಯ ದಿನವೇ ಶುರುವಾಯಿತು. ಬಕೆಟ್ಟಿನ ತಳ ಮುಚ್ಚುವಷ್ಟು ಕೊಡುತ್ತಾಳೆ, ಆಮೇಲೆ ಮೈ ಬಿಗಿ ಮಾಡಿಕೊಂಡು ಉಳಿದದ್ದನ್ನೆಲ್ಲ ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತಾಳೆ. ಈ ಸಲದ ಕರು ಹುಟ್ಟಿದ ವಾರಕ್ಕೇ ಸತ್ತದ್ದು ನಿನಗೆ ಗೊತ್ತಲ್ಲ, ಅಲ್ಲಿಂದಾಚೆ ಅವಳು ನಿನ್ನನ್ನೇ ಕರು ಅಂದುಕೊಂಡಿದ್ದಳು. ನಿನ್ನ ಹಣೆ ಅವಳ ಹೊಟ್ಟೆಗೆ ತಗುಲಿದರೆ ಸಾಕಿತ್ತು. ಈಗ ನನ್ನ ಮುಖ ನೋಡುತ್ತಾಳೆ, ನನ್ನ ಹಿಂದೆ ಬಾಗಿಲು ನೋಡುತ್ತಾಳೆ.

ಪಕ್ಕದ ಮನೆ ಮಂಗಳಮ್ಮನನ್ನು ಕರೆದೆ. ಅವಳು ಹೆಬ್ಬೆರಳು ಮಡಿಸಿಕೊಂಡು ಗೆಣ್ಣಿನಲ್ಲಿ ಒತ್ತಿ ಕರೆಯುವವಳು. "ಅಂಗೆ ಕರೆದ್ರೆ ತೊಟ್ಟು ಒಳಗೇ ಗಾಯ ಆಯ್ತದೆ ಕಣಮ್ಮಿ" ಅಂದೆ. "ನಮ್ಮವ್ವ ಅಂಗೇ ಕರೀತಿದ್ಲು, ಯಾವ ಅಸ ಸತ್ತೋಯ್ತು?" ಅಂದಳು. ಉತ್ತರ ಸೋಮಿಯೇ ಕೊಟ್ಟಳು, ಒಂದು ಒದೆಯಲ್ಲಿ. ಬಕೆಟ್ಟು ಒಂದು ಕಡೆ, ಮಂಗಳಮ್ಮ ಇನ್ನೊಂದು ಕಡೆ. ನನ್ನ ಬಲಗೈ ಮಣಿಕಟ್ಟು ಹಿಂದೊಮ್ಮೆ ಮುರಿದು ಕೂಡಿದ್ದು. ಪೂರ್ತಿ ಹಿಂಡುವ ಶಕ್ತಿ ಅದಕ್ಕಿಲ್ಲ. ಆದರೂ ಈಗ ನಾನೇ ಕರೆಯುತ್ತಿದ್ದೇನೆ.

ಕೆಚ್ಚಲಲ್ಲಿ ಹಾಲು ಉಳಿದರೆ ಬಾವು ಬರುತ್ತದೆ ಎಂದು ಊರ ಹೆಂಗಸರಿಗೆಲ್ಲ ಮೈಕು ಹಿಡಿದು ಹೇಳಿದವಳು ನಾನು. ನಮ್ಮ ಮನೆಯ ಹಸುವಿಗೇ ಬಂದರೆ ಜನ ಏನಂದಾರು? ಜನ ಹಾಳಾಗಲಿ, ಅದು ನಂಜೇಶ ಮದುವೆಯಾದ ಹೊಸತರಲ್ಲಿ ನಿನ್ನನ್ನು ಕರೆದುಕೊಂಡು ಹೋಗಿ ತಂದ ಕರು. ಸೋಮವಾರ ತಂದೆವು ಎಂದು ಸೋಮಿ ಎಂದು ಹೆಸರಿಟ್ಟವನೂ ಅವನೇ. ಅವನು ತೀರಿಕೊಂಡು ವರ್ಷವಾಗುತ್ತಾ ಬಂತು. ಅವನ ಕೈಯ ವಸ್ತು ಅಂತ ಈ ಮನೆಯಲ್ಲಿ ಉಸಿರಾಡುವುದು ಅದೊಂದೇ.

ಕರೆಯುವಾಗ ನೀನು ಏನು ಮಾಡುತ್ತಿದ್ದೆ, ಏನಾದರೂ ಹೇಳುತ್ತಿದ್ದೆಯಾ, ಬರೆದು ತಿಳಿಸು. ಹಸುವಿಗಾಗಿ ಕೇಳುತ್ತಿದ್ದೇನೆ.

ಇತಿ,
ಸಿದ್ದಲಿಂಗಮ್ಮ


ಮುಡುಕುತೊರೆ
27 ಜೂನ್ 2023

ಅತ್ತೆಯವರಿಗೆ ನಯನಳ ನಮಸ್ಕಾರ.

ಕಾಗದ ತಲುಪಿತು. ಹಸುವಿಗಾಗಿ ಕೇಳಿದ್ದೀರಿ, ಹಸುವಿಗಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ಬೂಸ ಹಾಕಿ ಅವಳು ಬಾಯಿ ಹಾಕುವ ತನಕ ಕಾಯುತ್ತಿದ್ದೆ. ಅವಸರ ಮಾಡಿದರೆ ಅವಳಿಗೆ ಗೊತ್ತಾಗುತ್ತದೆ. ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೈ ಇಟ್ಟುಕೊಂಡು ಕೂರುತ್ತಿದ್ದೆ. ತೊಟ್ಟು ತಾನಾಗಿ ತುಂಬಿಕೊಳ್ಳುತ್ತದೆ. ಹಾಡೇನೂ ಹೇಳುತ್ತಿರಲಿಲ್ಲ. ನಿಮ್ಮ ಮಗ ಹೋದ ಮೇಲೆ ಅವರ ವಿಷಯ ಮಾತಾಡುತ್ತಿದ್ದೆ. ನಿಮ್ಮ ಎದುರಿಗೆ ಮಾತಾಡಿದರೆ ನೀವು ಎದ್ದು ಹೋಗುತ್ತಿದ್ದಿರಿ. ಅವಳು ನಿಂತು ಕೇಳುತ್ತಿದ್ದಳು.

ನನ್ನ ಹಳೆಯ ನೈಟಿ, ಆಕಾಶಬಣ್ಣದ್ದು, ಕೊಟ್ಟಿಗೆಯ ಗೂಟದಲ್ಲೇ ಇದೆ. ಕರೆಯುವಾಗಲೆಲ್ಲ ಅದನ್ನೇ ಹಾಕಿಕೊಳ್ಳುತ್ತಿದ್ದೆ. ಕರೆಯುವವರು ಊರಿಗೆ ಹೋದರೆ ಅವರ ಬಟ್ಟೆ ಉಟ್ಟುಕೊಂಡು ಕೂತರೆ ಹಸು ಒಪ್ಪುತ್ತದೆ ಎಂದು ಇಲ್ಲಿ ಅಮ್ಮ ಹೇಳುತ್ತಾರೆ. ಹಾಕಿಕೊಂಡು ನೋಡಿ. ಒಗೆದು ಹಾಕಿಕೊಳ್ಳಿ, ಸಗಣಿಯಾಗಿತ್ತು. ನನ್ನ ಸಾಮಾನು ಕಟ್ಟುವಾಗ ಅದೊಂದು ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಮಿಕ್ಕದ್ದೆಲ್ಲ ಬಿದ್ದಿತ್ತು. ಬಾಚಣಿಗೆ ಸಹಿತ ಬ್ಯಾಗಿಗೆ ತುಂಬಿ, "ಇನ್ನ ಈ ಮನೇಲಿ ನಿಂಗೇನೈತೆ, ಓಗು" ಅಂದಿರಿ. ನಂಜನಗೂಡಿನ ತನಕ ಬಂದು ನರಸೀಪುರದ ಬಸ್ಸು ಹತ್ತಿಸಿ, ಬಸ್ಸು ಹೊರಡುವ ಮೊದಲೇ ತಿರುಗಿಕೊಂಡು ಹೋದಿರಿ. ಊಟಕ್ಕೆ ದಂಡವಾಗಿದ್ದೆನೇನೋ. ಗಂಡನನ್ನು ಕಳೆದುಕೊಂಡವಳ ಮುಖ ಬೆಳಗೆದ್ದು ನೋಡುವುದು ಬೇಡವಾಯಿತೇನೋ. ಕೇಳಬೇಕೆಂದು ಎಷ್ಟೋ ಸಲ ಅನಿಸಿದೆ. ಕೇಳುವುದಿಲ್ಲ.

ಸೋಮಿ ಹೇಗಿದ್ದಾಳೆ ಎಂದು ಬರೆಯಿರಿ.

ನಯನ


ಹೆಮ್ಮರಗಾಲ
25 ಜುಲೈ 2023

ಚಿ. ನಯನಳಿಗೆ ಆಶೀರ್ವಾದ.

ನಿಮ್ಮಮ್ಮ ಹೇಳಿದ ಉಪಾಯ ಫಲಿಸಿತು. ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೆ ಕಾಣದವಳು ಸೀರೆಯ ಮೇಲೆ ನೈಟಿ ತೊಟ್ಟು ಕೊಟ್ಟಿಗೆಗೆ ಹೋದೆ. ಕೈ ತೂರಿಸುವುದೋ ತಲೆ ತೂರಿಸುವುದೋ ತಿಳಿಯದೆ ಮೊದಲ ದಿನ ತೋಳಿನಲ್ಲಿ ತಲೆ ಸಿಕ್ಕಿಕೊಂಡಿತ್ತು. ಮಂಗಳಮ್ಮ ಗೋಡೆಯಾಚೆಯಿಂದ ನೋಡಿ, "ಸೆಕ್ರೆಟ್ರಮ್ಮ ಯಾವ್ ಸಿನಿಮಾಕ್ ಓಯ್ತಾವ್ರೆ?" ಅಂದಳು. ಊರೆಲ್ಲ ಒಂದು ವಾರ ನಕ್ಕಿತು. ಹಾಲಿಗೆ ನೀರು ಬೆರೆಸಿದ್ದಾರೆಂದು ನಾನು ವಾಪಸು ಕಳಿಸಿದವರೆಲ್ಲ ಎರಡೆರಡು ಸಲ ನಕ್ಕರು.

ಸೋಮಿ ನಗಲಿಲ್ಲ. ಹತ್ತಿರ ಬಂದ ಕೂಡಲೇ ಮೂಸಿದಳು. ಎದೆಯ ಹತ್ತಿರ ಮೂಸಿದಳು, ತೋಳು ಮೂಸಿದಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು ಬೂಸಕ್ಕೆ ಬಾಯಿ ಹಾಕಿದಳು. ನೀನು ಬರೆದ ಹಾಗೆ ಕೈ ಇಟ್ಟುಕೊಂಡು ಸುಮ್ಮನೆ ಕೂತೆ. ಹಾಲು ಇಳಿಯಿತು ನಯನ. ನನ್ನ ಕಣ್ಣಲ್ಲೂ ನೀರು ಇಳಿಯಿತು, ಬರೆಯಲು ನಾಚಿಕೆಯೇನಿಲ್ಲ.

ಈಗ ಇನ್ನೊಂದು ಮಾತು. ಮೊನ್ನೆ ನಿಮ್ಮಪ್ಪ ಚಿಕ್ಕಬಸಪ್ಪನವರು ಫೋನ್ ಮಾಡಿದ್ದರು. ನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನಾಗೇಂದ್ರ ಅನ್ನುವವರ ಕಡೆಯಿಂದ ನಿನ್ನನ್ನು ಕೇಳಿದ್ದಾರಂತೆ. ಅವರ ಹೆಂಡತಿ ತೀರಿಕೊಂಡು ಮೂರು ವರ್ಷವಂತೆ. "ನೀವು ಊಂ ಅಂದ್ರೆ ಮುಂದುಕ್ ಓಯ್ತೀವಿ ಬೀಗಮ್ಮ, ಇಲ್ಲಾಂದ್ರೆ ಇಲ್ಲೇ ಬುಟ್ಬುಡ್ತೀವಿ" ಅಂದರು. ದೊಡ್ಡ ಮನುಷ್ಯ, ಕೇಳದೆಯೂ ಮಾಡಬಹುದಿತ್ತು.

ನಾನು ಊಂ ಅಂದೆ. ಜೋರಾಗಿಯೇ ಅಂದೆ, ಅವರಿಗೆ ಅನುಮಾನ ಉಳಿಯಬಾರದು ಎಂದು. ಹುಡುಗ ಕುಡಿಯುವುದಿಲ್ಲವಂತೆ. ಅದನ್ನು ನಂಜನಗೂಡಿನಲ್ಲಿ ಇನ್ನಿಬ್ಬರ ಹತ್ತಿರವೂ ವಿಚಾರಿಸಿದೆ. ನಾನು ಯಾರ ಹಾಲನ್ನೂ ಪರೀಕ್ಷೆ ಮಾಡದೆ ಒಳಗೆ ಬಿಡುವುದಿಲ್ಲ.

ಮೈ ನೋಡಿಕೊ.

ಇತಿ,
ಸಿದ್ದಲಿಂಗಮ್ಮ


ಮುಡುಕುತೊರೆ
22 ಆಗಸ್ಟ್ 2023

ಅತ್ತೆಯವರಿಗೆ ನಮಸ್ಕಾರ.

ಅಪ್ಪ ನಿಮ್ಮನ್ನು ಕೇಳಿದರು, ನೀವು ಅಪ್ಪನಿಗೆ ಹೇಳಿದಿರಿ. ನಡುವೆ ನಾನೊಬ್ಬಳಿದ್ದೇನೆ ಅನ್ನುವುದು ಇಬ್ಬರಿಗೂ ಮರೆತುಹೋಯಿತು.

ನಾಗೇಂದ್ರ ಅವರು ಬಂದಿದ್ದರು. ಮಾತು ಕಡಿಮೆ. ನನ್ನ ಹತ್ತಿರ ಮಾತಾಡಬೇಕೆಂದು ಹಿತ್ತಲಿಗೆ ಬಂದವರು ನಮ್ಮ ನೀರೆತ್ತುವ ಮೋಟಾರಿನ ಸದ್ದು ಕೇಳಿ, "ಬೇರಿಂಗ್ ಓಗ್ಬುಟ್ಟದೆ" ಎಂದು ಬಿಚ್ಚಿ ಕೂತುಬಿಟ್ಟರು. ಅಮ್ಮನಿಗೆ ಅಷ್ಟಕ್ಕೇ ಇಷ್ಟವಾಯಿತು. ಎದ್ದು ಹೋಗುವಾಗ ನನಗೆ, "ನಿಮ್ಗೆ ಇಷ್ಟ ಇಲ್ಲಾಂದ್ರೆ ನಂಗೇ ಹೇಳಿ, ನಾನೇ ಬ್ಯಾಡ ಅಂದೆ ಅಂತ ಹೇಳ್ಕತೀನಿ" ಅಂದರು. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಯೋಚನೆ ಮಾಡಲು ಸಮಯ ಕೇಳಿದ್ದೇನೆ.

ಮೊನ್ನೆ ನಿಮ್ಮ ಮಗನ ವರ್ಷದ ದಿನ. ನೀವು ಸಮಾಧಿಯ ಗದ್ದುಗೆಗೆ ಹೋಗಿದ್ದಿರಾ, ಯಾರಾದರೂ ಜೊತೆಗಿದ್ದರಾ? ನಾನು ಬರುತ್ತೇನೆ ಎಂದು ಹೊರಟಿದ್ದೆ. "ಈಗ ಮಾತುಕತೆ ನಡೀತಾ ಅದೆ, ಜನ ಏನಂತಾರೆ" ಎಂದು ಅಪ್ಪ ತಡೆದರು. ಇಲ್ಲೇ ಹೊಳೆದಂಡೆಯಲ್ಲಿ ಕೂತಿದ್ದು ಬಂದೆ.

ಮಳೆ ಹಿಡಿದಿದೆ. ಕೊಟ್ಟಿಗೆ ಒದ್ದೆಯಾಗಲು ಬಿಡಬೇಡಿ. ಕರೆದ ಕೂಡಲೇ ಸೋಮಿ ಮಲಗದ ಹಾಗೆ ಮುಂದೆ ಹಸಿಹುಲ್ಲು ಹಾಕಿ, ನಿಂತೇ ಇರಲಿ. ಕರೆದ ಮೇಲೆ ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಹೊತ್ತು ಬೇಕು, ಅಷ್ಟರೊಳಗೆ ಸಗಣಿಯಲ್ಲಿ ಮಲಗಿದರೆ ಎಲ್ಲ ಒಳಗೆ ಹೋಗುತ್ತದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನೀವು ಹೇಳಿಕೊಟ್ಟ ಮೊದಲ ಪಾಠವೇ ಇದು. ಉಪ್ಪು ಹುಳಿ ಆಮೇಲೆ ಹೇಳಿಕೊಟ್ಟಿರಿ.

ನಯನ


ಹೆಮ್ಮರಗಾಲ
1 ಅಕ್ಟೋಬರ್ 2023

ನಯನಳಿಗೆ,

ಸೋಮಿಗೆ ಕೆಚ್ಚಲು ಬಾವು ಬಂದಿದೆ.

ಎಂಟು ದಿನ ಬರೆಯಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಬರೆಯುತ್ತಿದ್ದೇನೆ. ಕೊಟ್ಟಿಗೆ ಒದ್ದೆಯಾಗಿರಲಿಲ್ಲ. ಕರೆದ ಮೇಲೆ ನಿಲ್ಲಿಸುತ್ತಿದ್ದೆ. ಕೆಚ್ಚಲು ಖಾಲಿ ಮಾಡುತ್ತಿದ್ದೆ, ಮಣಿಕಟ್ಟು ಬಿದ್ದುಹೋಗುವಷ್ಟು ನೋವಾದರೂ. ಉಗುರು ಕತ್ತರಿಸಿಕೊಂಡಿದ್ದೆ. ಬೇರೆಯವರಿಗೆ ಹೇಳುವುದನ್ನೆಲ್ಲ ಮಾಡಿದ್ದೆ, ಒಂದನ್ನು ಬಿಟ್ಟು.

ಮೊದಲು ಗೊತ್ತಾದದ್ದು ಡೈರಿಯಲ್ಲಿ. ನನ್ನ ಕ್ಯಾನು ಸಾಲಿನಲ್ಲಿ ಬಂತು. ಸೋಸುವ ಬಟ್ಟೆಯ ಮೇಲೆ ಸಣ್ಣ ಸಣ್ಣ ಗಂಟು ನಿಂತಿತು, ಮೊಸರಿನ ಹನಿಯ ಹಾಗೆ. ಹಿಂದೆ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಹೋದ ವರ್ಷ ಇಂಥದ್ದೇ ಹಾಲು ತಂದಿದ್ದ ವೆಂಕಟಮ್ಮನಿಗೆ ನಾನು ಏನೇನು ಅಂದಿದ್ದೆ ಎಂಬುದು ಎಲ್ಲರಿಗೂ ನೆನಪಿತ್ತು. ವೆಂಕಟಮ್ಮ ಅಲ್ಲೇ ಇದ್ದಳು. "ಇರ್ಲಿ ಬುಡಕ್ಕ, ಒಸಿ ಆಕಡೆ ಕೂತ್ಕೊ" ಎಂದು ಕ್ಯಾನು ತೆಗೆದು ಪಕ್ಕಕ್ಕಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಲನ್ನು ನಾನೇ ಹೊತ್ತುಕೊಂಡು ಹೋಗಿ ಹೊಲದ ಬದಿಗೆ ಗುಂಡಿ ತೋಡಿ ಸುರಿದೆ.

ಡಾಕ್ಟರು ಚೆಲುವರಾಜು ಬಂದರು. ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕು ತೊಟ್ಟಿನ ಹಾಲು ಬೇರೆ ಬೇರೆ ಹಿಂಡಿ, ನೇರಳೆ ಔಷಧಿ ಹಾಕಿ ಆಡಿಸಿದರು. ಒಂದು ಗುಳಿಯಲ್ಲಿ ನೀರಿನ ಹಾಗೆ ಆಡಿತು. ಮೂರರಲ್ಲಿ ಲೋಳೆಯಾಗಿ ನಿಂತಿತು, ಅಂದರೆ ಮೂರಕ್ಕೂ ಬಾವು. ಹಿಂದಿನ ಎಡಗಡೆಯದು ಕಲ್ಲಾಗಿತ್ತು, ಮುಟ್ಟಿದರೆ ಸೋಮಿ ನಡುಗುತ್ತಿದ್ದಳು. ಅವರು ಒಂದೊಂದಾಗಿ ಕೇಳುತ್ತಾ ಬಂದರು, ನೆಲ, ನೀರು, ಕೈ. ನಾನು ಒಂದೊಂದಕ್ಕೂ ತಲೆಯೆತ್ತಿ ಉತ್ತರ ಹೇಳಿದೆ. ಕೊನೆಗೆ, "ಅಮ್ಮಾ, ಕೆಚ್ಚಲು ತೊಳೆದ ಮೇಲೆ ಯಾವ ಬಟ್ಟೇಲಿ ಒರೆಸ್ತೀರಿ?" ಅಂದರು.

ನೈಟಿಯ ಅಂಚು ನನ್ನ ಕೈಯಲ್ಲೇ ಇತ್ತು.

ನೀನು ಒಗೆದು ಹಾಕಿಕೊಳ್ಳಿ ಎಂದು ಬರೆದಿದ್ದೆ. ನಾನು ಒಗೆಯಲಿಲ್ಲ. ಜುಲೈನಿಂದ ಈವತ್ತಿನ ತನಕ ಒಂದು ಸಲವೂ ನೀರು ಕಾಣಿಸಲಿಲ್ಲ. ಒಗೆದರೆ ನಿನ್ನ ವಾಸನೆ ಹೋಗುತ್ತದೆ, ಸೋಮಿ ಮತ್ತೆ ಹಾಲು ಎಳೆದುಕೊಳ್ಳುತ್ತಾಳೆ ಎಂದು. ಅದನ್ನೇ ತೊಟ್ಟು ಕರೆದೆ, ಅದರಲ್ಲೇ ಕೈ ಒರೆಸಿದೆ, ಅದರ ಅಂಚಿನಲ್ಲೇ ಕೆಚ್ಚಲು ಒರೆಸಿದೆ. ನೀನು ಒಣ ಬಟ್ಟೆ ಅಂದಿದ್ದೆ. ಆದರೆ ಅವಳ ಮೈಗೆ ನಿನ್ನ ಬಟ್ಟೆಯೇ ತಗುಲಲಿ ಎಂದು ಅಂದುಕೊಂಡೆ.

"ಒಗೆದ್ರೆ ಅಸಕ್ಕೆ ಗುರ್ತು ಸಿಕ್ಕಲ್ಲ ಸಾ" ಅಂದೆ. ಡಾಕ್ಟರು ಬೈಯಲಿಲ್ಲ. ಬಟ್ಟೆ ಕೈಗೆ ತೆಗೆದುಕೊಂಡು ನೋಡಿ, ಮೆಲ್ಲಗೆ, "ಇಷ್ಟು ತಿಂಗಳಿಗೆ ಇದ್ರಲ್ಲಿ ನಿಮ್ಮ ಸೊಸೆ ವಾಸನೆ ಎಲ್ಲಮ್ಮ ಉಳಿದಿರುತ್ತೆ? ಪೂರ್ತಿ ನಿಮ್ದೇ. ಹಸು ನಿಮಗೇ ಹೊಂದ್ಕೊಂಡು ಎಷ್ಟೋ ದಿನ ಆಗಿದೆ" ಅಂದರು.

ಹಸುವಿಗೆ ನೀನಿಲ್ಲದೆ ಅಭ್ಯಾಸವಾಗಿತ್ತು ನಯನ. ಆಗದೇ ಇದ್ದದ್ದು ನನಗೆ. ಕೊಟ್ಟಿಗೆಯಿಂದ ಬಂದ ಮೇಲೂ ಅದನ್ನು ಬಿಚ್ಚದೆ ಅಡುಗೆ ಮನೆಯಲ್ಲಿ ಕೂರುತ್ತಿದ್ದೆ. ಹಸುವಿನ ನೆಪ ಹೇಳಿಕೊಂಡು ನಾನು ಮಾಡಿದ ಕೆಲಸಕ್ಕೆ ಆ ಮೂಕ ಜೀವ ನರಳುತ್ತಿದೆ. ಈಗ ನೋವಿಗೆ ನನ್ನ ಕೈ ಕಂಡರೆ ಒದೆಯುತ್ತಾಳೆ. ಒದೆಯಲಿ.

ನೀನು ಬರಬೇಕಾಗಿಲ್ಲ. ಇಂಜೆಕ್ಷನ್ ನಡೆಯುತ್ತಿದೆ.

ಸಿದ್ದಲಿಂಗಮ್ಮ


ಮುಡುಕುತೊರೆ
6 ಅಕ್ಟೋಬರ್ 2023

ಅತ್ತೆ,

ಈ ಕಾಗದ ತಲುಪುವುದಕ್ಕೆ ಮುಂಚೆ ನಾನೇ ಬಂದಿರಬಹುದು. ಅಪ್ಪನಿಗೆ ಹೇಳಿಲ್ಲ. ಅಮ್ಮ ಬುತ್ತಿ ಕಟ್ಟಿದ್ದಾರೆ.

ನಯನ


ಮುಡುಕುತೊರೆ
5 ನವೆಂಬರ್ 2023

ಅತ್ತೆ,

ಅಪ್ಪ ಕರೆದುಕೊಂಡು ಹೋಗಲು ಬಂದಾಗ ನೀವು ಡೈರಿಯಿಂದ ಬರಲೇ ಇಲ್ಲ. ಕಾದು ಕಾದು ಹೊರಟೆ. ಡೈರಿಯ ಮುಂದೆ ಹೋಗುವಾಗ ಒಳಗೆ ದೀಪವಿತ್ತು, ನಿಮ್ಮ ಚಪ್ಪಲಿ ಬಾಗಿಲಲ್ಲಿತ್ತು. ಅಪ್ಪ ಬೈಕು ನಿಧಾನ ಮಾಡಿದರು. ನಾನೇ ಹೊರಡಿ ಅಂದೆ.

ಅಲ್ಲಿದ್ದ ಅಷ್ಟು ದಿನವೂ ನಾವಿಬ್ಬರೂ ಹಸುವಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಬೆಳಿಗ್ಗೆ ಎದ್ದರೆ ಔಷಧಿ, ಬಿಸಿನೀರಿನ ಶಾಖ, ಕೆಟ್ಟ ಹಾಲು ಹಿಂಡಿ ದೂರ ಚೆಲ್ಲುವುದು. ಮೊದಲ ದಿನ ನಾನು ಆ ನೈಟಿಯನ್ನು ಕಲ್ಲಿನ ಮೇಲೆ ಹಾಕಿ ಸೋಪು ಉಜ್ಜಿ ಒಗೆಯುವಾಗ ನೀವು ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದಿರಿ. ಬೇಡ ಅನ್ನುತ್ತೀರೇನೋ ಎಂದು ಒಂದು ಕ್ಷಣ ಕೈ ನಿಲ್ಲಿಸಿದ್ದೆ. ನೀವು ಒಳಗೆ ಹೋದಿರಿ. ಆಮೇಲೆ ಪಾತ್ರೆಯ ಸದ್ದು ಕೇಳಿಸಿತು.

ಹಿಂದಿನ ಎಡ ತೊಟ್ಟು ಹೋದರೂ ಮಿಕ್ಕ ಎರಡು ಗುಣವಾದವಲ್ಲ, ಅಷ್ಟೇ ಸಮಾಧಾನ. ನನ್ನ ಕೈಯಲ್ಲಿ ಅವಳು ಒದೆಯದೆ ನಿಂತಳು. ನೋವಿತ್ತು, ಕಾಲು ನಡುಗುತ್ತಿತ್ತು, ಆದರೂ ನಿಂತಳು. ಅದನ್ನು ನೀವೂ ನೋಡಿದಿರಿ.

ಅದಕ್ಕೇ ಹೇಳುತ್ತಿದ್ದೇನೆ. ಸೋಮಿ ಗಬ್ಬವಾಗಿದ್ದಾಳೆ. ಹಾಲು ಬತ್ತಿಸುವ ಕಾಲದಲ್ಲೂ, ಕರು ಹಾಕಿದ ಹೊಸದರಲ್ಲೂ ಬಾವು ಮರಳಿ ಬರುವ ಭಯ ಜಾಸ್ತಿ ಎಂದು ಡಾಕ್ಟರು ಹೇಳಿದ್ದಾರೆ. ಒಮ್ಮೆ ಬಂದ ಹಸುವಿಗೆ ಇನ್ನೂ ಜಾಸ್ತಿ. ನಿಮ್ಮ ಮಣಿಕಟ್ಟಿನಲ್ಲಿ ಅದೆಲ್ಲ ಆಗುವ ಕೆಲಸವಲ್ಲ. ಸೋಮಿ ಕರು ಹಾಕಿ ಸುಧಾರಿಸುವ ತನಕ ಮದುವೆಯ ಮಾತು ಬೇಡ ಎಂದು ಅಪ್ಪನಿಗೆ ಹೇಳಿದ್ದೇನೆ. ಅಪ್ಪ ಊಟ ಬಿಟ್ಟು ಕೂತರು. ನಾಗೇಂದ್ರ ಅವರಿಗೂ ನಾನೇ ಫೋನ್ ಮಾಡಿ ಹೇಳಿದೆ. "ಅಸ ಉಸಾರಾಗ್ಲಿ, ಕಾಯ್ತೀನಿ" ಅಂದರು. ಎಷ್ಟು ದಿನ ಎಂದು ಕೇಳಲಿಲ್ಲ. ಅವರ ತಾಯಿ ಕೇಳಿದರು, ಬೇರೆ ಕಡೆ ನೋಡುತ್ತೇವೆ ಎಂದೂ ಅಂದರು.

ದೀಪಾವಳಿ ಮುಗಿಸಿಕೊಂಡು ಬರುತ್ತೇನೆ. ಬೇಡ ಅನ್ನಬೇಡಿ. ಹಸುವಿಗಾಗಿ ಬರುತ್ತಿದ್ದೇನೆ ಎಂದೇ ಇಟ್ಟುಕೊಳ್ಳೋಣ.

ನಿಮ್ಮ ನಯನ


ಹೆಮ್ಮರಗಾಲ
11 ನವೆಂಬರ್ 2023

ಚಿ. ನಯನಳಿಗೆ ಆಶೀರ್ವಾದ.

ಸೋಮಿಯನ್ನು ಮಾರಿದೆ.

ತಾಂಡವಪುರದ ದೇವೀರಮ್ಮ ಅನ್ನುವವರು ತೆಗೆದುಕೊಂಡರು. ಒಳ್ಳೆಯ ಮನೆ. ಮೊದಲು ನಾನೇ ಹೋಗಿ ಕೊಟ್ಟಿಗೆ ನೋಡಿ ಬಂದೆ. ನೆಲಕ್ಕೆ ರಬ್ಬರ್ ಹಾಸು ಹಾಕಿದ್ದಾರೆ, ಗಂಜಲ ನಿಲ್ಲದೆ ಹರಿದುಹೋಗುವ ಹಾಗೆ ಇಳಿಜಾರಿದೆ. ಅವರ ಮಗಳ ಉಗುರು ಸಹಿತ ನೋಡಿದೆ. ಮೂರು ತೊಟ್ಟಿನ ಹಸು ಎಂದು ಮುಚ್ಚಿಡದೆ ಹೇಳಿದೆ. ಕರೆಯುವಾಗ ನಿಮ್ಮ ಬೇರೆ ಹಸುಗಳನ್ನೆಲ್ಲ ಮುಗಿಸಿ ಇವಳನ್ನು ಕೊನೆಗೆ ಕರೆಯಿರಿ, ಇವಳ ಕೆಚ್ಚಲಿಗೆ ಇವಳದೇ ಬಟ್ಟೆ ಇರಲಿ, ದಿನಾ ಒಗೆದದ್ದು, ಎಂದೂ ಹೇಳಿದೆ. ಈ ಕಡೆಯ ಮಾತನ್ನು ಹೇಳುವಾಗ ನನ್ನ ದನಿ ಏನಾಯಿತೋ, ಆಕೆ ನನಗೆ ನೀರು ತಂದುಕೊಟ್ಟರು.

ಗಾಡಿ ಹತ್ತಿಸುವಾಗ ಅವಳು ಹಟ ಮಾಡಲಿಲ್ಲ. ಹುಲ್ಲು ತೋರಿಸಿದರು, ಹತ್ತಿದಳು. ತಿರುಗಿ ನೋಡಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಹುಲ್ಲು ತಿನ್ನುತ್ತಲೇ ಹೋದಳು.

ನೀನು ಬರುವುದು ಬೇಡ. ಈಗ ಇಲ್ಲಿ ನಿನಗೆ ಮಾಡುವ ಕೆಲಸ ಇಲ್ಲ. ನಾಗೇಂದ್ರ ಕಾಯುತ್ತೇನೆ ಅಂದನಂತೆ, ಅವನ ತಾಯಿ ಕಾಯುವುದಿಲ್ಲ. ನಾನೂ ಮಗನ ತಾಯಿಯಾಗಿದ್ದವಳು, ನನಗೆ ಗೊತ್ತು. ಮೇಲಾಗಿ ಅವನು ನಿಮ್ಮನೆಯ ಮೋಟಾರಿನ ಸದ್ದಿನಲ್ಲೇ ಕೆಟ್ಟಿರುವುದನ್ನು ಗುರುತು ಹಿಡಿದವನು. ಅಂಥವನ ಹತ್ತಿರ ನೀನು ಬಾಯಿಬಿಟ್ಟು ಎಲ್ಲ ಹೇಳಬೇಕಾಗುವುದಿಲ್ಲ.

ನಿನ್ನನ್ನು ಯಾಕೆ ಕಳಿಸಿದೆ ಎಂದು ಕೇಳುವುದಿಲ್ಲ ಅಂತ ನೀನು ಬರೆದಿದ್ದೆ. ಕೇಳದಿದ್ದರೂ ಹೇಳುತ್ತೇನೆ. ಒಂದು ದಿನ ಡೈರಿಯಿಂದ ಬಂದಾಗ ನೀನು ಜಗಲಿಯ ಮೇಲೆ ನನ್ನ ಹಾಗೆಯೇ ಒಂದು ಮೊಣಕಾಲು ಎತ್ತಿ, ಕೆನ್ನೆಗೆ ಕೈ ಕೊಟ್ಟು ಕೂತಿದ್ದೆ. ನಾನು ಗಂಡನನ್ನು ಕಳೆದುಕೊಂಡ ಮೇಲೆ ಹಾಗೆ ಕೂತವಳು ಇನ್ನೂ ಎದ್ದಿಲ್ಲ. ಇಪ್ಪತ್ತೇಳರ ಹುಡುಗಿ ಹಾಗೆ ಕೂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಒಳ್ಳೆಯ ಮಾತಿನಲ್ಲಿ ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ. ಅದಕ್ಕೆ ಕೆಟ್ಟ ಮಾತಿನಲ್ಲಿ ಹೇಳಿದೆ.

ನೀನು ನನಗೆ ದಂಡವಾಗಿರಲಿಲ್ಲ. ಇದನ್ನು ಮಾತ್ರ ನಂಬು.

ಇತಿ,
ಸಿದ್ದಲಿಂಗಮ್ಮ


ಮುಡುಕುತೊರೆ
29 ನವೆಂಬರ್ 2023

ಅತ್ತೆಯವರಿಗೆ,

ಸೋಮಿ ನಿಮ್ಮೊಬ್ಬರ ಹಸುವಲ್ಲ. ಅವಳನ್ನು ಆರಿಸಿದ್ದು ನಾನು. ನಿಮ್ಮ ಮಗ ಬೇರೆ ಕರುವನ್ನು ತೋರಿಸಿದ್ದರು, ನಾನು ಇದೇ ಬೇಕು ಎಂದು ಹಗ್ಗ ಹಿಡಿದುಕೊಂಡು ನಿಂತಿದ್ದೆ. ಅವಳಿಗೆ ಬಾವು ಬಂದಾಗ ಕೀವು ಹಿಂಡಿದ್ದು ನಾನು. ಮಾರುವ ಮೊದಲು ಒಂದು ಮಾತು ಕೇಳಬೇಕು ಅನಿಸಲಿಲ್ಲ ನಿಮಗೆ.

ನನ್ನನ್ನು ಬಸ್ಸಿಗೆ ಹತ್ತಿಸಿದಿರಿ, ಅದು ನನ್ನ ಒಳ್ಳೆಯದಕ್ಕೆ. ಅಪ್ಪನಿಗೆ ಊಂ ಅಂದಿರಿ, ಅದೂ ನನ್ನ ಒಳ್ಳೆಯದಕ್ಕೆ. ಈಗ ಸೋಮಿಯನ್ನು ಗಾಡಿಗೆ ಹತ್ತಿಸಿದಿರಿ. ನೀವು ಮಾಡಿದ ಒಳ್ಳೆಯದಕ್ಕೆಲ್ಲ ನಾನಿಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದೇನೆ. ನಿಮ್ಮ ಜೊತೆ ಜಗಲಿಯ ಮೇಲೆ ಕೂತು ಮುದುಕಿಯಾಗುವುದು ನನಗೆ ಇಷ್ಟವಿತ್ತೋ ಇಲ್ಲವೋ ನಿಮಗೆ ಹೇಗೆ ಗೊತ್ತಾಯಿತು? ಹಸುವಿನ ತೊಟ್ಟು ಒಂದೊಂದನ್ನೂ ಬೇರೆ ಬೇರೆ ಪರೀಕ್ಷೆ ಮಾಡುವವರು ನೀವು. ನನ್ನನ್ನು ಒಂದು ಸಲ ಕೇಳಲಿಲ್ಲ.

ಅಪ್ಪನಿಗೆ ಆಗಲಿ ಎಂದು ಹೇಳಿದೆ. ಬೇಡ ಅನ್ನಲು ಇನ್ನು ಯಾವ ಕಾರಣ ಉಳಿಸಿದ್ದೀರಿ? ಹೊಸ ವರ್ಷ ಹುಟ್ಟಿದ ಮೇಲೆ ದೇವಸ್ಥಾನದಲ್ಲಿ ಮದುವೆ, ಹತ್ತು ಜನರಲ್ಲಿ. ನೀವು ಬರಕೂಡದು ಎಂದು ಹಿರಿಯರು ಮಾತಾಡಿಕೊಂಡಿದ್ದಾರೆ, ಶುಭಕಾರ್ಯಕ್ಕೆ ಹಳೆಯ ಮನೆಯವರು ಬರಬಾರದಂತೆ. ನಾನು ಜಗಳ ಮಾಡಲಿಲ್ಲ. ಜಗಳ ಮಾಡಿ ಒಪ್ಪಿಸಿದರೂ ನೀವು ಬರುವುದಿಲ್ಲ, ಅದೇ ನನಗೆ ಒಳ್ಳೆಯದು ಎಂದು ಅಲ್ಲಿ ಒಬ್ಬರೇ ಕೂತು ತೀರ್ಮಾನ ಮಾಡಿರುತ್ತೀರಿ.

ಯಾಕೆ ಕೇಳಲಿಲ್ಲ ಅತ್ತೆ? ಇದೊಂದಕ್ಕೆ ಉತ್ತರ ಬರೆಯಿರಿ. ಆಮೇಲೆ ನಾನು ಏನೂ ಕೇಳುವುದಿಲ್ಲ.

ನಯನ


ಹೆಮ್ಮರಗಾಲ
8 ಡಿಸೆಂಬರ್ 2023

ಚಿ. ನಯನಳಿಗೆ,

ನೀನು ಬೈದದ್ದು ಸರಿ. ಕಾಗದವನ್ನು ಡೈರಿಯಲ್ಲಿ ಒಂದು ಸಲ, ಮನೆಯಲ್ಲಿ ಒಂದು ಸಲ ಓದಿದೆ. ನಿನ್ನ ಮೇಲೆ ಸಿಟ್ಟು ಬರಲಿಲ್ಲ.

ಮದುವೆಗೆ ನಾನು ಬರುವುದಿಲ್ಲ. ಹಿರಿಯರ ಜೊತೆ ನೀನು ನಿಷ್ಠುರವಾಗಬೇಡ. ಆ ಮನೆಗೆ ಹೋದ ಮೇಲೆ ಅತ್ತೆ ಎಂದು ಆ ತಾಯಿಯನ್ನು ಬಾಯಿ ತುಂಬ ಕರೆ. ನಾಲಿಗೆ ತಡೆಯುತ್ತದೆ, ತಡೆದರೂ ಕರೆ.

ಯಾಕೆ ಕೇಳಲಿಲ್ಲ ಎಂದು ಕೇಳಿದ್ದೀಯ. ಕೇಳಿದ್ದರೆ ನೀನು ಇಲ್ಲೇ ಇರುತ್ತೇನೆ ಅನ್ನುತ್ತಿದ್ದೆ. ಬೇಡ ಅನ್ನಲು ನನ್ನಿಂದ ಆಗುತ್ತಿರಲಿಲ್ಲ.

ಸಿದ್ದಲಿಂಗಮ್ಮ